ಮಹಾಮಾರಿಯ ಮರವೆ ಮತ್ತು ನಮ್ಮ ವಿದ್ಯಾರ್ಥಿಗಳು

ಗೊರವನಹಳ್ಳಿಯ ಶ್ರೀ ಮಹಾಲಕ್ಷ್ಮಿಯ ಸನ್ನಿಧಿಯಲ್ಲಿ ನೆರೆಯುವ ಯಾತ್ರಿಕರ ದಟ್ಟಣೆಯನ್ನು ಕಂಡವರಿಗೆ, 2020ರಲ್ಲಿ ನಾಡಿನ ಇತರ ದೇವಾಲಯಗಳಂತೆ ಈ ದೇಗುಲದ ಬಾಗಿಲೂ ಭಕ್ತರಿಗೆ ಮುಚ್ಚಿತ್ತೆಂಬುದು ಇಂದು ಕನಸಿನಂತೆ ತೋರೀತು. ಮನುಷ್ಯನು ಇಷ್ಟು ಬೇಗ ಮರೆಯುತ್ತಾನೆ. ಈ ಭಾಗದ ಹಳ್ಳಿಯೊಂದರಲ್ಲಿ ಏರ್ಪಟ್ಟಿದ್ದ ಕಾಲೇಜು ವಿದ್ಯಾರ್ಥಿಗಳ ಶಿಬಿರದಲ್ಲಿ ನಾವು ಎರಡು ಮಾತು ಹೇಳಬೇಕಾಗಿ ಬಂದಿತ್ತು. “ಕೊರೋನಾಕ್ಕೆ ಮೊದಲು ನಿಮ್ಮ ಊರುಗಳು ಯಾವ ರೋಗದಿಂದ ಬರಿದಾಗಿದ್ದವು?” ಎಂದು ಕೇಳಿದೆವು. ವಿದ್ಯಾರ್ಥಿಗಳಿಂದ ಉತ್ತರ ಬರಲಿಲ್ಲ. ಹಿಂದೆ ಕುಳಿತಿದ್ದ ವೃದ್ಧರೊಬ್ಬರು, “ಇಲಿ ಬಿದ್ದ ಕಾಲದಲ್ಲಿ ಅಲ್ವಾ ಬುದ್ಧಿ, ನಮ್ಮಜ್ಜಿ ಹೇಳೋರು” ಎಂದರು.

ಇಲಿ ಬೀಳುವುದೆಂದರೆ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ ಹುಬ್ಬಳ್ಳಿಯ ಮಾರ್ಗವಾಗಿ ರೈಲುಹಾದಿಗುಂಟ ಬಂದು 1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಆಗ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರು. ರೈಲು ಪ್ರಯಾಣಿಕರ ತಪಾಸಣೆ, ಸೋಂಕಿನ ಮನೆಗಳ ತೆರವು, ಊರಹೊರಗಿನ ಶಿಬಿರಗಳು ಆರಂಭವಾದವು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಚಾಲನೆ ದೊರೆಯಿತು. ಆದರೆ ಕಾರಣವನ್ನು ತಿಳಿಸದೆ ಬಲಾತ್ಕಾರದಿಂದ ಮಾಡಿದ ಕಾರ್ಯಕ್ಕೆ ಜನರು ಒಲಿಯಲಿಲ್ಲ. ರೋಗಿಗಳನ್ನು ಬಚ್ಚಿಟ್ಟರು, ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆಯನ್ನೇ ಎದ್ದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದಿದ್ದನು. ಅದನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟವೆಂದು ಸೀಮೋಂಡ್ ಎಂಬಾತನು 1898ರಲ್ಲಿ ತೋರಿಸಿದನಾದರೂ ವಿದ್ವಾಂಸರು ಹಲವು ವರ್ಷ ಅದನ್ನು ಒಪ್ಪಲಿಲ್ಲ. ಇತ್ತ ನಮ್ಮ ಹಳ್ಳಿಗರು ಚಿಗಟದ ವಿಚಾರವನ್ನು ಅರಿಯದಿದ್ದರೂ, ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಊರನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯನ ಮೈಯನ್ನು ಹುಡುಕುವ ಮೊದಲೇ ಮನುಷ್ಯ ಅಲ್ಲಿಂದ ದೂರವಾಗಿರುತ್ತಿದ್ದನು! ಇದನ್ನು ಮೌಢ್ಯವೆಂದು ನಗುವವರುಂಟು. ನಮ್ಮ ಅಭಿಪ್ರಾಯದಲ್ಲಿ ಇದು ಪಕ್ವವಾದ ಅವಲೋಕನ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಿದ ಸಾಹಿತ್ಯ ವಿದ್ಯಾರ್ಥಿಗಳು ಅಗ್ರಹಾರದ ಇಲಿಗಳನ್ನು ಬಲ್ಲರು. ಅವು ಏಕೆ ಸತ್ತವೆಂದು ಕೇಳಿದರೆ ಸಂಕೇತಾರ್ಥವನ್ನು ಹೇಳುತ್ತಾರೆಯೇ ಹೊರತು ಚಿಗಟದ ಹೆಸರೆತ್ತುವುದಿಲ್ಲ.

ಪ್ಲೇಗಿನ ನೆನಪಾದರೂ ಹಳ್ಳಿಗಳಲ್ಲಿ ಉಳಿದಿದೆ. 1918ರ ಇನ್‌ಫ್ಲುಯೆಂಜಾ ಜ್ವರದ ನೆನಪು ಅಷ್ಟೂ ಇಲ್ಲ. ಭಾರತದಲ್ಲಿ ಕೋಟಿಗೂ ಮಿಕ್ಕಿ ಜನರು ಅದಕ್ಕೆ ಬಲಿಯಾದರೆಂದು ಅಂದಾಜು; 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆಯಾಗಿತ್ತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಗ ಎರಡೇ ವರ್ಷ. ಹೀಗೆ ಕನ್ನಡನಾಡಿನ ಮೊದಲ ವಿಶ್ವವಿದ್ಯಾನಿಲಯವು ತನ್ನ ಶೈಶವದಲ್ಲೇ ಮಹಾಮಾರಿಯನ್ನು ಕಂಡಿತು. ಆದರೂ ಇತಿಹಾಸದ ಸ್ನಾತಕೋತ್ತರ ತರಗತಿಯಲ್ಲಿ ನಾವು ಮೊದಲನೆಯ ಮಹಾಯುದ್ಧದ ಕದನಗಳನ್ನು ಕಂಠಪಾಠ ಮಾಡಿದೆವು. ಈ ಜ್ವರದ ಬಗ್ಗೆ ಒಂದು ವಾಕ್ಯವನ್ನೂ ಕೇಳಲಿಲ್ಲ.

ಕೊರೋನಾ ವಿಷಯಕ್ಕೆ ಬಂದರೆ, ದೇಶದ ಮೊದಲ ಸಾವು 2020ರ ಮಾರ್ಚಿಯಲ್ಲಿ ಕಲಬುರಗಿಯಲ್ಲಿ ಸಂಭವಿಸಿತು. ಅದೇ ತಿಂಗಳು ನಮ್ಮ ಶಿರಾ ತಾಲ್ಲೂಕಿಗೂ ಸಾವು ಬಂದಿತು. ಮುಚ್ಚಿದ ಪದವಿ ಕಾಲೇಜುಗಳು ನವೆಂಬರ್ 17ರಂದು ತೆರೆದವು, ಎರಡನೆಯ ಅಲೆಗೆ ಮತ್ತೆ ಮುಚ್ಚಿದವು. 2021ರ ಜುಲೈ 26ರಂದು ತೆರೆದಾಗ, ಕನಿಷ್ಠ ಒಂದು ಬಾರಿ ಲಸಿಕೆ ಪಡೆದವರಿಗೆ ಮಾತ್ರ ಪ್ರವೇಶವೆಂಬ ನಿಯಮವಿತ್ತು. ಆ ದಿನಗಳಲ್ಲಿ ಸೋಂಕು, ರೂಪಾಂತರಿ, ಪ್ರತಿಕಾಯ ಮುಂತಾದ ಮಾತುಗಳು ಹಳ್ಳಿಯ ಹುಡುಗರ ಬಾಯಲ್ಲೂ ನಲಿದಾಡುತ್ತಿದ್ದವು.

ಅರಿವು ಇದ್ದ ಮಾತ್ರಕ್ಕೆ ಆಚರಣೆ ಬಂದೀತೇ? 2021ರ ನವೆಂಬರಿನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ, ಸಮಾರಂಭವೊಂದರ ತರುವಾಯ, ಇನ್ನೂರೈವತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅವರಲ್ಲಿ ಹೆಚ್ಚಿನವರು ಎರಡು ಸಲ ಲಸಿಕೆ ಪಡೆದವರು. ಲಸಿಕೆಯ ಪುಣ್ಯದಿಂದ ರೋಗ ಉಗ್ರವಾಗಲಿಲ್ಲ. ನಾಳಿನ ವೈದ್ಯರೇ ಗುಂಪುಗೂಡುವ ಆಸೆಯನ್ನು ಗೆಲ್ಲಲಾರದಾದರೆ ಉಳಿದವರನ್ನು ದೂರುವುದು ನ್ಯಾಯವಲ್ಲ.

ಈಗ ಮುಖಗವುಸು ಮಾಯವಾಗಿದೆ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಟ್ಟುಕೊಂಡು ವಿದ್ಯಾರ್ಥಿನಿಲಯದ ಒಂದೇ ಕೊಠಡಿಯಲ್ಲಿ ನಾಲ್ವರೊಡನೆ ಮಲಗುವ ಹುಡುಗನನ್ನು ನಾವು ಕಂಡಿದ್ದೇವೆ. ಕ್ಷಯವು ಗಾಳಿಯಿಂದ ಹರಡುವುದೆಂದು ಅವನಿಗೆ ಗೊತ್ತಿತ್ತು. ಕಫ ಪರೀಕ್ಷೆಗೆ ಹೋದರೆ ಗೆಳೆಯರು ದೂರವಾಗುವರೆಂಬ ಭಯವೂ ಇತ್ತು. ಪ್ಲೇಗಿನ ಕಾಲದಲ್ಲಿ ರೋಗಿಯನ್ನು ಬಚ್ಚಿಟ್ಟವರಿಗೂ ಇವನಿಗೂ ಏನು ಅಂತರ? ಡೆಂಗಿಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಅದನ್ನು ಹರಡುವ ಸೊಳ್ಳೆ ಚರಂಡಿಗಿಂತ ಹೆಚ್ಚಾಗಿ ಮನೆಯಂಗಳದ ತಿಳಿನೀರಿನಲ್ಲಿ ಹುಟ್ಟುತ್ತದೆ.

ಈ ಮಾತನ್ನು ಶಿಬಿರದಲ್ಲಿ ಹೇಳಿದಾಗ ಕೆಲವು ಹುಡುಗರು ಎದ್ದು ಶಾಲೆಯ ಹಿಂದಿನ ಸಿಮೆಂಟ್ ತೊಟ್ಟಿಯ ಮುಚ್ಚಳ ತೆರೆದು ನೋಡಿದರು. ಸೊಳ್ಳೆಮರಿಗಳು ಮಿಜಿಮಿಜಿಗುಟ್ಟುತ್ತಿದ್ದವು. ನಾಲ್ಕು ದಿನದಿಂದ ಅದೇ ನೀರಿನಲ್ಲಿ ಅವರು ಕೈ ತೊಳೆಯುತ್ತಿದ್ದರು. ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ, ಬಿಸಿಲಿಗೆ ಬಿಟ್ಟರು. ಅಷ್ಟರಲ್ಲಿ ವಿದ್ಯಾರ್ಥಿನಿಯೊಬ್ಬಳು ನೋಟ್‌ಪುಸ್ತಕ ಹಿಡಿದು ಆ ವೃದ್ಧರ ಬಳಿ ಕುಳಿತು, “ನಿಮ್ಮಜ್ಜಿ ಇನ್ನೇನು ಹೇಳ್ತಿದ್ರು ತಾತ?” ಎಂದು ಕೇಳುತ್ತಿದ್ದಳು.