ಸ್ಕಲ್ಕ್: ಒಂದು ಕ್ರಿಯಾಪದದ ಪೂರ್ವಕಥೆ

ಇಂಗ್ಲಿಷ್ ಪಾಠದಲ್ಲಿ ಹೊಸ ಪದ ಬಂದಾಗಲೆಲ್ಲ ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ಕಣ್ಣೆದುರಿನ ಉದಾಹರಣೆಯೊಂದಿಗೆ ವಿವರಿಸುವುದು ನನ್ನ ರೂಢಿಯಾಗಿತ್ತೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಒಮ್ಮೆ ಹಾಗೆ ಬಂದ ಪದ 'ಸ್ಕಲ್ಕ್'. ಯಾರ ಕಣ್ಣಿಗೂ ಬೀಳದಂತೆ ಮರೆಯಲ್ಲಿ ಅವಿತಿರುವುದು, ಕಳ್ಳಹೆಜ್ಜೆಯಲ್ಲಿ ಸುಳಿದಾಡುವುದು, ಮಾಡಬೇಕಾದ ಕೆಲಸದಿಂದ ನುಣುಚಿಕೊಳ್ಳುವುದು ಎಂದೆಲ್ಲ ಅದಕ್ಕೆ ಅರ್ಥ. ಅದೇ ವೇಳೆಗೆ ಒಬ್ಬ ಹುಡುಗ ತಲೆ ತಗ್ಗಿಸಿಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ನುಸುಳುತ್ತಿದ್ದ. ತಡವಾಗಿ ಬರುವುದು ಅವನಿಗೆ ಮಾಮೂಲು. ನಾನು ಅವನತ್ತ ಕೈತೋರಿ, "ನೋಡಿ, ಸ್ಕಲ್ಕ್ ಎಂದರೆ ಇದೇ" ಎಂದೆ. ತರಗತಿಯೆಲ್ಲ ನಕ್ಕಿತು.

ಆ ಪದದ ಮೂಲವನ್ನು ನಾನು ಹುಡುಕಿ ಓದಿದ್ದು ನಿವೃತ್ತನಾದ ಮೇಲೆ. ಅದು ಇಂಗ್ಲೆಂಡಿನ ಇತಿಹಾಸದ ಒಂದು ಅಧ್ಯಾಯಕ್ಕೆ ಕರೆದೊಯ್ಯುತ್ತದೆ. ಕ್ರಿ.ಶ. 793ರಲ್ಲಿ ಸ್ಕಾಂಡಿನೇವಿಯಾದ ವೈಕಿಂಗರು ಹಡಗುಗಳಲ್ಲಿ ಬಂದು ಲಿಂಡಿಸ್‌ಫಾರ್ನ್ ದ್ವೀಪದ ಕ್ರೈಸ್ತ ಮಠವನ್ನು ಕೊಳ್ಳೆಹೊಡೆದರು. 865ರಲ್ಲಿ ದೊಡ್ಡ ಸೈನ್ಯವೇ ಬಂದಿಳಿಯಿತು. ಕ್ರಮೇಣ ಅವರಲ್ಲಿ ಅನೇಕರು ಉತ್ತರ ಹಾಗೂ ಪೂರ್ವ ಇಂಗ್ಲೆಂಡಿನಲ್ಲಿ ನೆಲೆಸಿ ಬೇಸಾಯ ಮಾಡಿದರು, ಅಲ್ಲಿಯವರೊಡನೆ ನಂಟು ಬೆಳೆಸಿದರು. 1016ರಲ್ಲಿ ಡೆನ್ಮಾರ್ಕಿನ ರಾಜವಂಶದ ಕನೂಟನು ಇಂಗ್ಲೆಂಡಿನ ಸಿಂಹಾಸನವನ್ನೇ ಏರಿದನು. ಕತ್ತಿ ಹಿಡಿದು ಬಂದವರ ರಾಜ್ಯ ಅಳಿಯಿತು. ಅವರ ಮಾತುಗಳು ಉಳಿದವು. 'ಎಗ್', 'ಸ್ಕೈ', 'ವಿಂಡೋ', ಕೊನೆಗೆ 'ಅವರು' ಎಂಬರ್ಥದ 'ದೇ' ಎಂಬ ಸರ್ವನಾಮವೂ ಅವರ ಕೊಡುಗೆ.

'ಸ್ಕಲ್ಕ್' ಆ ಬಳಗಕ್ಕೆ ಸೇರಿದ್ದೆಂದು ಅದರ ಮೊದಲ ಧ್ವನಿಯೇ ಹೇಳುತ್ತದೆ. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆದಂತೆ, ಹಳೆಯ ಇಂಗ್ಲಿಷಿನ 'ಸ್ಕ' ಧ್ವನಿ ಕಾಲಕ್ರಮದಲ್ಲಿ 'ಶ' ಆಯಿತು. ಸ್ಕಾಂಡಿನೇವಿಯಾದವರ ನುಡಿಯಲ್ಲಿ ಅದು 'ಸ್ಕ' ಆಗಿಯೇ ಉಳಿಯಿತು. ಆದ್ದರಿಂದಲೇ ಒಂದೇ ಬೇರಿನಿಂದ ಹುಟ್ಟಿದ 'ಶರ್ಟ್' ಇಂಗ್ಲಿಷರದು, 'ಸ್ಕರ್ಟ್' ವೈಕಿಂಗರದು. (ಲ್ಯಾಟಿನ್ನಿನಿಂದ ಬಂದ 'ಸ್ಕೂಲ್'ನಂತಹ ಪದಗಳ ದಾರಿ ಬೇರೆ.) ಸುಮಾರು 1200ರಿಂದ ಇಂಗ್ಲಿಷ್ ಬರಹಗಳಲ್ಲಿ 'ಸ್ಕಲ್ಕ್' ಕಾಣಸಿಗುತ್ತದೆ. ಅದರ ದಾಯಾದಿಗಳು ಇಂದಿಗೂ ಬದುಕಿವೆ: ಡೇನಿಷ್ ಭಾಷೆಯ 'ಸ್ಕುಲ್ಕೆ', ಸ್ವೀಡಿಷ್ ಭಾಷೆಯ 'ಸ್ಕೋಲ್ಕ'. ಎರಡಕ್ಕೂ ಶಾಲೆ ತಪ್ಪಿಸುವುದು, ನಮ್ಮ ಹುಡುಗರ ಮಾತಿನಲ್ಲಿ ಚಕ್ಕರ್ ಹೊಡೆಯುವುದು, ಎಂಬ ಅರ್ಥವಿದೆ!

ಈ ಪದ ಬರಿಯ ಚಲನೆಯನ್ನಷ್ಟೇ ಹೇಳುವುದಿಲ್ಲ, ಚಲಿಸುವವನ ಮೇಲೆ ತೀರ್ಪನ್ನೂ ಕೊಡುತ್ತದೆ. 1486ರಲ್ಲಿ ಅಚ್ಚಾದ 'ಬುಕ್ ಆಫ್ ಸೇಂಟ್ ಆಲ್ಬನ್ಸ್' ಎಂಬ ಗ್ರಂಥದಲ್ಲಿ ಗುಂಪುಗಳ ಹೆಸರುಗಳ ಪಟ್ಟಿಯೊಂದಿದೆ. ಅಲ್ಲಿ ನರಿಗಳ ಗುಂಪಿಗೂ ಕಳ್ಳರ ಗುಂಪಿಗೂ 'ಸ್ಕಲ್ಕ್' ಎಂದೇ ಹೆಸರು. ಇನ್ನೊಂದು ಪ್ರಸಂಗ ಅಮೆರಿಕದ್ದು. 1675–76ರಲ್ಲಿ ನ್ಯೂ ಇಂಗ್ಲೆಂಡಿನ ವಲಸೆಗಾರರಿಗೂ ವಾಂಪನೋವಗ್ ಜನರ ನಾಯಕ ಮೆಟಾಕಾಮನ ಕಡೆಯವರಿಗೂ ಘೋರ ಯುದ್ಧ ನಡೆಯಿತು. ಮೂಲನಿವಾಸಿಗಳು ಮರ ಪೊದೆಗಳ ಮರೆಯಿಂದ ಹೋರಾಡುತ್ತಿದ್ದರು. ಬಯಲಿನಲ್ಲಿ ಸಾಲುಗಟ್ಟಿ ನಿಂತು ಕಾದಾಡುವುದೇ ಶೌರ್ಯವೆಂದು ನಂಬಿದ್ದ ಇಂಗ್ಲಿಷರು ಅದನ್ನು 'ಸ್ಕಲ್ಕಿಂಗ್' ಎಂದು ಹೀಗಳೆದರು. ಆದರೆ ಸೋಲುಗಳ ಪೆಟ್ಟು ಬಿದ್ದ ಮೇಲೆ ಅದೇ ವಿದ್ಯೆಯನ್ನು ಕಲಿತರು; ಕಲಿಯುವುದು ಈಗ ನಮಗೆ ಸಂತೋಷವೆಂದು ಜಾನ್ ಎಲಿಯಟ್ ಎಂಬ ಪಾದ್ರಿ 1677ರಲ್ಲಿ ಬರೆದ. ತಮ್ಮ ನೆಲವನ್ನು ಉಳಿಸಿಕೊಳ್ಳಲು ಹೊರಟವರ ನಡೆ, ದೂರದಿಂದ ನೋಡಿದವರಿಗೆ ಕಳ್ಳನಡೆಯಾಗಿ ತೋರಿತ್ತು.

ಇದನ್ನು ಓದುವಾಗ ನನಗೆ ಆ ಹುಡುಗ ನೆನಪಾದ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಅವನೇ ನನ್ನನ್ನು ಗುರುತಿಸಿ ಕಾಲುಮುಟ್ಟಿ ನಮಸ್ಕರಿಸಿದ್ದ. ಮಾತಿನ ನಡುವೆ, "ಸಾರ್, ನೀವು ಕಲಿಸಿದ ಸ್ಕಲ್ಕ್ ಇನ್ನೂ ನೆನಪಿದೆ" ಎಂದು ನಕ್ಕ. ಬಳಿಕ ಮೆಲ್ಲಗೆ ಹೇಳಿದ: "ಆಗ ನಾನು ಬೆಳಗ್ಗೆ ಹೋಟೆಲಿನಲ್ಲಿ ಲೋಟ ತೊಳೆದು ಬರ್ತಿದ್ದೆ ಸಾರ್. ನಿಮ್ಮ ಪಾಠಕ್ಕೆ ತೊಂದರೆ ಆಗಬಾರದು ಅಂತ ಹಿಂದಿನ ಬಾಗಿಲಿಂದ ಬರ್ತಿದ್ದೆ."

ನನಗೆ ಉತ್ತರ ತೋಚಲಿಲ್ಲ. "ತಪ್ಪಾಯಿತಪ್ಪ" ಎಂದಷ್ಟೇ ಹೇಳಿದೆ. ಸ್ವೀಡನ್ನಿನ ಹುಡುಗ ಶಾಲೆ ತಪ್ಪಿಸಲು ಮರೆಯಾದರೆ ಅದು 'ಸ್ಕೋಲ್ಕ'; ನನ್ನ ಹುಡುಗ ನುಸುಳಿದ್ದು ಶಾಲೆ ತಪ್ಪಬಾರದೆಂದು. ಪದದ ಅರ್ಥವನ್ನು ನಾನು ಅಂದು ಸರಿಯಾಗಿಯೇ ಹೇಳಿದ್ದೆ. ಉದಾಹರಣೆ ಮಾತ್ರ ತಪ್ಪಾಗಿತ್ತು.