ಹೆಸರು ಮತ್ತು ವಿಳಾಸದ ನಡುವೆ: ಡಿ.ಎನ್.ಎಸ್. ರಕ್ಷಣೆಯ ಚಾರಿತ್ರಿಕ ಅವಲೋಕನ

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಕಂಪ್ಯೂಟರಿಗೂ ಸಂಖ್ಯಾರೂಪದ ಒಂದು ವಿಳಾಸವಿರುತ್ತದೆ. ಮನುಷ್ಯರು ನೆನಪಿನಲ್ಲಿಟ್ಟುಕೊಳ್ಳುವುದು ಮಾತ್ರ ಹೆಸರನ್ನು. ಹೆಸರನ್ನು ಕೇಳಿದವರಿಗೆ ವಿಳಾಸವನ್ನು ತಿಳಿಸುವ ವ್ಯವಸ್ಥೆಯೇ ಡೊಮೈನ್ ನೇಮ್ ಸಿಸ್ಟಂ, ಸಂಕ್ಷೇಪವಾಗಿ ಡಿ.ಎನ್.ಎಸ್. ಬ್ಯಾಂಕಿನ ಹಣ ವರ್ಗಾವಣೆಯಿರಲಿ, ಕಾರ್ಖಾನೆಯ ಖರೀದಿ ಆದೇಶವಿರಲಿ, ಕಚೇರಿಯ ಇ-ಮೇಲ್ ಇರಲಿ, ವ್ಯವಹಾರ ಆರಂಭವಾಗುವ ಮೊದಲು ಈ ಪ್ರಶ್ನೋತ್ತರ ನಡೆದಿರುತ್ತದೆ. ಆದುದರಿಂದ ಉತ್ತರವನ್ನು ಸುಳ್ಳಾಗಿಸಬಲ್ಲವನು ವ್ಯಾಪಾರ ಸಂಸ್ಥೆಯ ಕೋಟೆಯನ್ನು ಮುರಿಯದೆಯೇ ಅದರ ಗ್ರಾಹಕರನ್ನು ಬೇರೆಡೆಗೆ ಕರೆದೊಯ್ಯಬಲ್ಲ. ಈ ದೋಷ ವಿದ್ವಾಂಸರಿಗೆ ಬಹು ಹಿಂದೆಯೇ ತಿಳಿದಿತ್ತು; ಪರಿಹಾರ ಮಾತ್ರ ತಡವಾಗಿ ಬಂದಿತು. ಈ ವಿಳಂಬದ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉಗಮ ಮತ್ತು ಸ್ವರೂಪ

ಅರ್ಪಾನೆಟ್ ಕಾಲದಲ್ಲಿ ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ಮಾಹಿತಿ ಕೇಂದ್ರವು ಈ ಕಡತವನ್ನು ನಿರ್ವಹಿಸುತ್ತಿತ್ತು. ಉಳಿದ ಕೇಂದ್ರಗಳು ಆಗಾಗ್ಗೆ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದವು. ಜಾಲ ಬೆಳೆದಂತೆ ಈ ಏರ್ಪಾಡು ಕುಸಿಯತೊಡಗಿತು. 1983ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಆರ್.ಎಫ್.ಸಿ. 882 ಮತ್ತು 883 ಎಂಬ ದಾಖಲೆಗಳಲ್ಲಿ ಹೊಸ ವ್ಯವಸ್ಥೆಯನ್ನು ವಿವರಿಸಿದರು. 1987ರ ನವೆಂಬರಿನಲ್ಲಿ ಬಂದ ಆರ್.ಎಫ್.ಸಿ. 1034 ಮತ್ತು 1035 ಅದರ ಸ್ಥಿರರೂಪವಾದವು.

ಹೊಸ ವ್ಯವಸ್ಥೆಯಲ್ಲಿ ಹೆಸರುಗಳು ಮರದ ಆಕಾರದಲ್ಲಿ ಕವಲೊಡೆಯುತ್ತವೆ. ಪ್ರತಿಯೊಂದು ಕವಲಿಗೂ ಅದರದೇ ಆದ ಅಧಿಕೃತ ಸರ್ವರ್ ಇರುತ್ತದೆ. ಬಳಕೆದಾರರ ಪರವಾಗಿ ವಿಚಾರಿಸುವ ಮತ್ತೊಂದು ಸರ್ವರ್ ತನಗೆ ದೊರೆತ ಉತ್ತರವನ್ನು ನಿಗದಿತ ಅವಧಿಯವರೆಗೆ ಕ್ಯಾಶ್ ಎಂಬ ನೆನಪಿನ ಕೋಶದಲ್ಲಿ ಇಟ್ಟುಕೊಳ್ಳುತ್ತದೆ. ಈ ಕೋಶದಿಂದಾಗಿಯೇ ವ್ಯವಸ್ಥೆಗೆ ವೇಗ ಬಂದಿತು. ಬಂದ ಉತ್ತರ ನಿಜವಾದ ಅಧಿಕಾರಿಯದೇ ಎಂದು ಗುರುತಿಸಲು ಇದ್ದ ಮುಖ್ಯ ಗುರುತು 16 ಬಿಟ್‌ಗಳ ಒಂದು ಸಂಖ್ಯೆ. ಅಂದರೆ 65,536 ಸಾಧ್ಯತೆಗಳಲ್ಲಿ ಒಂದು. ಪರಸ್ಪರ ಪರಿಚಿತರಾದ ಸಂಶೋಧಕರ ಜಾಲದಲ್ಲಿ ಇದಕ್ಕಿಂತ ಹೆಚ್ಚಿನ ರಕ್ಷಣೆ ಬೇಕೆಂದು ಅಂದು ಯಾರಿಗೂ ತೋರಲಿಲ್ಲ.

ತಿಳಿದೂ ಹೇಳದ ದೋಷ

ಬೆಲ್ ಪ್ರಯೋಗಾಲಯದ ಸ್ಟೀವನ್ ಬೆಲೊವಿನ್ ಅವರು 1990ರಲ್ಲಿಯೇ ಈ ವ್ಯವಸ್ಥೆಯ ದೌರ್ಬಲ್ಯವನ್ನು ಕುರಿತು ಪ್ರಬಂಧ ಬರೆದರು. ಆ ಕಾಲದ ಯುನಿಕ್ಸ್ ಕಂಪ್ಯೂಟರುಗಳು ಪರಿಚಿತ ಹೆಸರಿನಿಂದ ಬಂದ ಸಂಪರ್ಕವನ್ನು ಪಾಸ್‌ವರ್ಡ್ ಕೇಳದೆ ಒಪ್ಪಿಕೊಳ್ಳುವುದಿತ್ತು. ವಿಳಾಸದಿಂದ ಹೆಸರನ್ನು ತಿಳಿಯುವ ಉತ್ತರ ಆಕ್ರಮಣಕಾರನ ಕೈಯಲ್ಲಿದ್ದರೆ, ಅವನು ತನ್ನನ್ನು ಪರಿಚಿತನೆಂದೇ ತೋರಿಸಿಕೊಳ್ಳಬಹುದಿತ್ತು. ಸುಲಭ ಪರಿಹಾರವಿಲ್ಲದ ಈ ದೋಷವನ್ನು ಬಹಿರಂಗಪಡಿಸುವುದು ಅಪಾಯಕರವೆಂದು ಪ್ರಬಂಧವನ್ನು ತಡೆಹಿಡಿಯಲಾಯಿತು. ಅದು ಪ್ರಕಟವಾದದ್ದು 1995ರಲ್ಲಿ.

ಪ್ರಕಟಣೆಯ ಎರಡು ವರ್ಷಗಳ ಅನಂತರ ದೋಷವು ಬಹಿರಂಗವಾಗಿಯೇ ಬಳಕೆಯಾಯಿತು. 1997ರ ಜುಲೈನಲ್ಲಿ ಯೂಜೀನ್ ಕಷ್ಪುರೆಫ್ ಎಂಬಾತ, ಹೆಸರುಗಳ ನೋಂದಣಿಯ ಏಕಸ್ವಾಮ್ಯವನ್ನು ಪ್ರತಿಭಟಿಸಿ, ಇಂಟರ್‌ನಿಕ್ ಜಾಲತಾಣಕ್ಕೆ ಹೊರಟವರನ್ನು ತನ್ನ ಆಲ್ಟರ್‌ನಿಕ್ ತಾಣಕ್ಕೆ ತಿರುಗಿಸಿದ. ಕೇಳಿದ ಉತ್ತರದ ಜೊತೆಗೆ ಕೇಳದ ಮಾಹಿತಿಯನ್ನೂ ಸೇರಿಸಿ ಕಳುಹಿಸಿದರೆ ಅಂದಿನ ಸರ್ವರುಗಳು ಅದನ್ನೂ ಕೋಶದಲ್ಲಿ ಇಟ್ಟುಕೊಳ್ಳುತ್ತಿದ್ದವು. ಈ ಘಟನೆಯ ತರುವಾಯ, ಉತ್ತರಿಸುವ ಸರ್ವರಿನ ವ್ಯಾಪ್ತಿಗೆ ಸೇರದ ಮಾಹಿತಿಯನ್ನು ತಿರಸ್ಕರಿಸುವ ಪದ್ಧತಿ ಬಲಗೊಂಡಿತು. ಆದರೆ ಮೂಲದೋಷ ಹಾಗೆಯೇ ಉಳಿಯಿತು.

2008ರ ಬಿಕ್ಕಟ್ಟು

2008ರಲ್ಲಿ ಡಾನ್ ಕಮಿನ್‌ಸ್ಕಿ ಅವರು ಕಂಡುಕೊಂಡ ವಿಧಾನ ಈ ಚರಿತ್ರೆಯ ತಿರುವು. ಅದುವರೆಗೆ, ಒಂದು ಸಲ ಊಹೆ ತಪ್ಪಿದರೆ ನಿಜವಾದ ಉತ್ತರ ಕೋಶವನ್ನು ಸೇರಿಬಿಡುತ್ತದೆ, ಅದರ ಅವಧಿ ಮುಗಿಯುವವರೆಗೆ ಆಕ್ರಮಣಕಾರ ಕಾಯಬೇಕಾಗುತ್ತದೆ ಎಂಬ ನಂಬಿಕೆಯಿತ್ತು. ಒಂದೇ ಡೊಮೈನಿನೊಳಗೆ ಅಸ್ತಿತ್ವದಲ್ಲಿಲ್ಲದ ಹೊಸ ಹೊಸ ಹೆಸರುಗಳನ್ನು ಕೇಳುತ್ತಾ ಹೋದರೆ ಕಾಯುವ ಅಗತ್ಯವೇ ಇಲ್ಲವೆಂದು ಕಮಿನ್‌ಸ್ಕಿ ತೋರಿಸಿದರು. ಪ್ರತಿ ಪ್ರಶ್ನೆಗೂ ಖೋಟಾ ಉತ್ತರಗಳನ್ನು ಕಳುಹಿಸಿ, ಒಂದು ಹೊಂದಿಕೆಯಾದೊಡನೆ ಇಡೀ ಡೊಮೈನಿನ ಅಧಿಕಾರವನ್ನೇ ತನ್ನೆಡೆಗೆ ಬರೆಸಿಕೊಳ್ಳಬಹುದಾಗಿತ್ತು.

ತಂತ್ರಾಂಶ ತಯಾರಕರು ಗುಟ್ಟಾಗಿ ಸಮಾಲೋಚಿಸಿ, 2008ರ ಜುಲೈ 8ರಂದು ಏಕಕಾಲಕ್ಕೆ ತಿದ್ದುಪಡಿಗಳನ್ನು ಬಿಡುಗಡೆ ಮಾಡಿದರು. ಜುಲೈ 21ರಂದು ದೋಷದ ವಿವರ ಸೋರಿತು. ಆಗಸ್ಟ್ 6ರಂದು ಕಮಿನ್‌ಸ್ಕಿ ಅದನ್ನು ಲಾಸ್ ವೇಗಸ್‌ನಲ್ಲಿ ಬಹಿರಂಗವಾಗಿ ವಿವರಿಸಿದರು. ಪ್ರಶ್ನೆ ಹೊರಡುವ ಪೋರ್ಟ್ ಸಂಖ್ಯೆಯನ್ನೂ ಊಹಿಸಲಾಗದಂತೆ ಬದಲಿಸುತ್ತಿರುವುದೇ ಈ ತಿದ್ದುಪಡಿಯ ಸಾರ. ಡಿ. ಜೆ. ಬರ್ನ್‌ಸ್ಟೈನ್ ಅವರು ತಮ್ಮ ತಂತ್ರಾಂಶದಲ್ಲಿ ಇದನ್ನು ವರ್ಷಗಳ ಮೊದಲೇ ಅಳವಡಿಸಿದ್ದರೆಂಬುದು ಗಮನಾರ್ಹ. ಆದರೆ ಸರ್ವರನ್ನು ತಿದ್ದಿಕೊಂಡ ಹಲವು ಸಂಸ್ಥೆಗಳು ಮತ್ತೊಂದು ತೊಡಕನ್ನು ಎದುರಿಸಿದವು. ಜಾಲದ ಅಂಚಿನಲ್ಲಿದ್ದ ಫೈರ್‌ವಾಲ್‌ಗಳು ವಿಳಾಸ ಬದಲಿಸುವಾಗ ಪೋರ್ಟ್‌ಗಳನ್ನು ಮತ್ತೆ ಅನುಕ್ರಮಕ್ಕೆ ತಂದು, ತಿದ್ದುಪಡಿಯ ಪ್ರಯೋಜನವನ್ನೇ ಇಲ್ಲವಾಗಿಸುತ್ತಿದ್ದವು. ಈ ಉಪಾಯ ಶಾಶ್ವತವೂ ಆಗಿರಲಿಲ್ಲ. ಪೋರ್ಟ್ ಸಂಖ್ಯೆಯನ್ನು ಪರೋಕ್ಷವಾಗಿ ಪತ್ತೆಹಚ್ಚುವ ಮಾರ್ಗವನ್ನು 2020ರಲ್ಲಿ ಸಂಶೋಧಕರು ತೋರಿಸಿಕೊಟ್ಟರು.

ಸಹಿಯ ವ್ಯವಸ್ಥೆ ಮತ್ತು ಅದರ ವಿಳಂಬ

ಮೂಲದೋಷಕ್ಕೆ ಪರಿಹಾರವೆಂದರೆ ಪ್ರತಿ ಉತ್ತರಕ್ಕೂ ಗೂಢಲಿಪಿಯ ಸಹಿ ಇರುವುದು. ಡಿ.ಎನ್.ಎಸ್.ಸೆಕ್ ಎಂಬ ಈ ಕ್ರಮದ ಮೊದಲ ದಾಖಲೆ ಬಂದದ್ದು 1997ರ ಜನವರಿಯಲ್ಲಿ, ಎರಡನೆಯದು 1999ರಲ್ಲಿ, ಬಳಕೆಗೆ ಯೋಗ್ಯವಾದ ರೂಪ 2005ರ ಮಾರ್ಚಿನಲ್ಲಿ. ಆ ವರ್ಷವೇ ಸ್ವೀಡನ್ ತನ್ನ ರಾಷ್ಟ್ರೀಯ ಡೊಮೈನಿಗೆ ಸಹಿ ಅಳವಡಿಸಿತು. ಇಡೀ ಮರದ ಬೇರಿಗೆ, ಅಂದರೆ ರೂಟ್‌ಗೆ, ಸಹಿ ಬಿದ್ದದ್ದು 2010ರ ಜುಲೈ 15ರಂದು; .ಕಾಮ್ ಡೊಮೈನಿಗೆ 2011ರ ಮಾರ್ಚ್ 31ರಂದು. ಕನ್ನಡ ಲಿಪಿಯಲ್ಲಿ ಬರೆದ .ಭಾರತ ಎಂಬ ಹೆಸರೂ ಸೇರಿದಂತೆ ಎಲ್ಲ ಹೆಸರುಗಳ ಹುಡುಕಾಟವೂ ಈ ಒಂದೇ ಬೇರಿನಿಂದ ಹೊರಡುತ್ತದೆ ಎಂಬುದನ್ನು ನೆನೆದರೆ ಈ ಹೆಜ್ಜೆಯ ಮಹತ್ವ ಸ್ಪಷ್ಟವಾಗುತ್ತದೆ.

ವಿಳಂಬಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಒಂದು ತಾಂತ್ರಿಕ: 1999ರ ರೂಪದಲ್ಲಿ ಮೇಲಿನ ಮತ್ತು ಕೆಳಗಿನ ಹಂತಗಳ ನಡುವಣ ಕೀಲಿಗಳ ವಿನಿಮಯವು ಬೃಹತ್ ಡೊಮೈನುಗಳಿಗೆ ಹೊರಲಾರದ ಭಾರವಾಗಿತ್ತು. ಮತ್ತೊಂದು ಆರ್ಥಿಕ: ಸಹಿ ಹಾಕುವ ವೆಚ್ಚ ಹೆಸರಿನ ಒಡೆಯನದು, ಪರೀಕ್ಷಿಸುವ ಶ್ರಮ ಸೇವಾದಾರನದು, ಲಾಭ ಮಾತ್ರ ಮೂರನೆಯವನಾದ ಬಳಕೆದಾರನದು. ಎಲ್ಲರೂ ಮಾಡುವವರೆಗೆ ಒಬ್ಬನು ಮಾಡಿದ್ದಕ್ಕೆ ಫಲ ಕಡಿಮೆ. ಕೀಲಿ ತಪ್ಪಿದರೆ ಸ್ವಂತ ತಾಣವೇ ಕಾಣದಂತಾಗುವ ಭಯವೂ ಸಂಸ್ಥೆಗಳನ್ನು ಹಿಂಜರಿಯುವಂತೆ ಮಾಡಿತು.

ದಾಳಿಯ ನೆಲೆ ಬದಲಾದುದು

ಸಹಿಯ ವ್ಯವಸ್ಥೆ ಹರಡುತ್ತಿದ್ದ ಕಾಲದಲ್ಲಿಯೇ ದಾಳಿ ಬೇರೆ ಎರಡು ನೆಲೆಗಳಲ್ಲಿ ಬಲಗೊಂಡಿತು. ಮೊದಲನೆಯದು ಪ್ರವಾಹದ ದಾಳಿ. 2002ರ ಅಕ್ಟೋಬರ್ 21ರಂದು 13 ರೂಟ್ ಸರ್ವರುಗಳ ಮೇಲೆ ಇಂಥ ದಾಳಿ ನಡೆದಿತ್ತು. 2016ರ ಅಕ್ಟೋಬರ್ 21ರಂದು ಡೈನ್ ಎಂಬ ಡಿ.ಎನ್.ಎಸ್. ಸೇವಾ ಸಂಸ್ಥೆಯನ್ನು ಮಿರಾಯ್ ಹೆಸರಿನ ದುಷ್ಟ ತಂತ್ರಾಂಶಕ್ಕೆ ವಶವಾದ ಕ್ಯಾಮೆರಾ ಮೊದಲಾದ ಸಾಧನಗಳು ಮುತ್ತಿದವು. ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಸೇವೆಗಳು ಹಲವರಿಗೆ ದೊರೆಯದಾದವು. ಆ ಕಂಪನಿಗಳ ಸ್ವಂತ ಸರ್ವರುಗಳಿಗೆ ಏನೂ ಆಗಿರಲಿಲ್ಲ. ಅವುಗಳ ವಿಳಾಸ ಹೇಳುವವರು ಮಾತ್ರ ಇರಲಿಲ್ಲ. ಒಬ್ಬನೇ ಸೇವಾದಾರನನ್ನು ನೆಚ್ಚಬಾರದೆಂಬ ಪಾಠ ಇದರಿಂದ ಬಂದಿತು.

ಎರಡನೆಯದು ನೋಂದಣಿಯ ಮೇಲಣ ದಾಳಿ. 2013ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಡೊಮೈನ್ ದಾಖಲೆಯನ್ನು ಆಕ್ರಮಣಕಾರರು ಬದಲಿಸಿದರು. ಆಸ್ಟ್ರೇಲಿಯದ ನೋಂದಣಿದಾರ ಸಂಸ್ಥೆಯೊಂದರ ಮರುಮಾರಾಟಗಾರನ ಪಾಸ್‌ವರ್ಡ್ ಅವರ ಕೈಸೇರಿತ್ತು. 2019ರ ಜನವರಿ 22ರಂದು ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯು ತುರ್ತು ಆದೇಶ ಹೊರಡಿಸಿತು. ಹೆಸರುಗಳ ದಾಖಲೆಗಳನ್ನು ಪರಿಶೀಲಿಸಬೇಕು, ಪಾಸ್‌ವರ್ಡ್‌ಗಳನ್ನು ಬದಲಿಸಬೇಕು, ಎರಡನೆಯ ಹಂತದ ಗುರುತು ಪರೀಕ್ಷೆಯನ್ನು ಕಡ್ಡಾಯಗೊಳಿಸಬೇಕು ಎಂದು ಅದು ಕಚೇರಿಗಳಿಗೆ 10 ಕೆಲಸದ ದಿನಗಳ ಗಡುವು ನೀಡಿತು. ಇಲ್ಲಿ ದಾಖಲೆಯನ್ನು ಬದಲಿಸುವ ಅಧಿಕಾರವೇ ಪರರ ಪಾಲಾಗುತ್ತದೆ. ಅಂಥ ಕಡೆ ಸಹಿಯೊಂದೇ ರಕ್ಷಿಸಲಾರದು.

ಸಮಾರೋಪ

ಈ ಅವಲೋಕನದಿಂದ ವ್ಯಾಪಾರ ಜಾಲವು ಕಾಯಬೇಕಾದ ಮೂರು ನೆಲೆಗಳು ಸ್ಪಷ್ಟವಾಗುತ್ತವೆ: ಉತ್ತರದ ಸತ್ಯ, ಉತ್ತರಿಸುವ ಸಾಮರ್ಥ್ಯ ಮತ್ತು ಹೆಸರಿನ ಒಡೆತನ. ಮೊದಲನೆಯದಕ್ಕೆ ಸಹಿ ಮತ್ತು ಅದರ ಪರೀಕ್ಷೆ ಬೇಕು. ಹೊರಗಿನವರ ಪ್ರಶ್ನೆಗಳಿಗಾಗಿ ಅಲೆಯದಂತೆ ಒಳಗಿನ ಸರ್ವರನ್ನು ಪ್ರತ್ಯೇಕಿಸುವುದೂ ಅಗತ್ಯ. ಎರಡನೆಯದಕ್ಕೆ ಒಂದಕ್ಕಿಂತ ಹೆಚ್ಚು ಸೇವಾದಾರರು ಬೇಕು. ಮೂರನೆಯದಕ್ಕೆ ನೋಂದಣಿಯ ಖಾತೆಗೆ ಬೀಗ ಮತ್ತು ದಾಖಲೆಗಳ ನಿಯಮಿತ ತಪಾಸಣೆ ಬೇಕು. ಇವುಗಳಲ್ಲಿ ಬಹುಪಾಲು ಕ್ರಮಗಳು ಅಪಾಯ ಎದುರಾಗುವ ಮೊದಲೇ ತಿಳಿದಿದ್ದವು. ಬೆಲೊವಿನ್ ಅವರ ಪ್ರಬಂಧದಿಂದ ರೂಟ್‌ನ ಸಹಿಯವರೆಗೆ 20 ವರ್ಷಗಳು ಕಳೆದವು. ಕೊರತೆಯಾಗಿದ್ದದ್ದು ಜ್ಞಾನವಲ್ಲ, ಅದನ್ನು ಆಚರಣೆಗೆ ತರುವ ಹೊಣೆ ಯಾರದೆಂಬ ನಿರ್ಧಾರ.