ಪ್ಯಾರಿಷ್ ಕೌನ್ಸಿಲ್: ಇಂಗ್ಲೆಂಡಿನ ಗ್ರಾಮಾಡಳಿತ ಮತ್ತು ಅದರ ಸ್ಥಳೀಯ ಕಾಮಗಾರಿಗಳು

ಪ್ಯಾರಿಷ್ ಕೌನ್ಸಿಲ್ ಇಂಗ್ಲೆಂಡಿನ ಸ್ಥಳೀಯ ಆಡಳಿತದ ಅತ್ಯಂತ ಕೆಳಹಂತದ ಚುನಾಯಿತ ಸಂಸ್ಥೆ. ಒಂದು ಹಳ್ಳಿ, ಅಕ್ಕಪಕ್ಕದ ಕೆಲವು ಹಳ್ಳಿಗಳ ಗುಂಪು ಅಥವಾ ಒಂದು ಸಣ್ಣ ಪಟ್ಟಣ ಸಾಮಾನ್ಯವಾಗಿ ಇದರ ವ್ಯಾಪ್ತಿ. ಇದರ ಮೇಲೆ ಜಿಲ್ಲಾ ಮತ್ತು ಕೌಂಟಿ ಕೌನ್ಸಿಲುಗಳಿರುತ್ತವೆ. ಕೆಲವೆಡೆ ಆ ಎರಡೂ ಹಂತಗಳ ಕೆಲಸವನ್ನು ಒಂದೇ ಏಕೀಕೃತ ಕೌನ್ಸಿಲ್ ನಡೆಸುತ್ತದೆ. ಶಾಲಾ ಶಿಕ್ಷಣ, ರಸ್ತೆ, ಕಸ ವಿಲೇವಾರಿ, ವೃದ್ಧರ ಮತ್ತು ಅಶಕ್ತರ ಆರೈಕೆಯಂಥ ದೊಡ್ಡ ಹೊಣೆಗಳು ಮೇಲಿನ ಹಂತಗಳಿಗೆ ಸೇರಿದರೆ, ಆಟದ ಬಯಲು, ಕೈತೋಟದ ಜಮೀನು, ಬಸ್ ತಂಗುದಾಣ, ಕಾಲುದಾರಿ, ಸ್ಮಶಾನ, ಯುದ್ಧಸ್ಮಾರಕ, ಬೀದಿದೀಪ ಮುಂತಾದ ಊರಿನ ದಿನಬಳಕೆಯ ಸೌಕರ್ಯಗಳು ಪ್ಯಾರಿಷ್ ಕೌನ್ಸಿಲಿನ ಕೈಗೆ ಬರುತ್ತವೆ. ಇಂಗ್ಲೆಂಡಿನಲ್ಲಿ ಇಂಥ ಸುಮಾರು 10,000 ಕೌನ್ಸಿಲುಗಳಿವೆ. ಇವುಗಳಿಗೆ ಕಾಲಕಾಲಕ್ಕೆ ದೊರೆತ ಅಧಿಕಾರಗಳನ್ನು ಒಟ್ಟಿಗೆ ನೋಡಿದರೆ, ಕಳೆದ ನೂರಮೂವತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಹಳ್ಳಿಗೆ ಯಾವ ಯಾವ ಕೊರತೆಗಳು ಕಾಡಿದವು ಎಂಬುದರ ಚರಿತ್ರೆಯೇ ಅಲ್ಲಿ ಕಾಣುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಪ್ಯಾರಿಷ್ ಎಂದರೆ ಮೂಲದಲ್ಲಿ ಒಂದು ಚರ್ಚಿನ ಮತ್ತು ಅದರ ಪಾದ್ರಿಯ ಆರೈಕೆಗೆ ಒಳಪಟ್ಟ ಪ್ರದೇಶ. ಊರಿನ ಲೌಕಿಕ ವ್ಯವಹಾರಗಳನ್ನೂ ಶತಮಾನಗಳ ಕಾಲ ಚರ್ಚಿನ ಸುತ್ತ ನೆರೆಯುತ್ತಿದ್ದ ವೆಸ್ಟ್ರಿ ಎಂಬ ಸಭೆಯೇ ನೋಡಿಕೊಳ್ಳುತ್ತಿತ್ತು. ಬಡವರ ಪೋಷಣೆ, ರಸ್ತೆ ದುರಸ್ತಿ ಮೊದಲಾದವು ಅದರ ಪಾಲಿಗೆ ಬಂದಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸಗಳು ಒಂದೊಂದಾಗಿ ಬೇರೆ ಮಂಡಳಿಗಳ ಪಾಲಾಗಿ ವೆಸ್ಟ್ರಿ ಸೊರಗಿತು. 1894ರ ಸ್ಥಳೀಯ ಸರ್ಕಾರ ಕಾಯ್ದೆಯು ಊರಿನ ಲೌಕಿಕ ಆಡಳಿತವನ್ನು ಚರ್ಚಿನಿಂದ ಬೇರ್ಪಡಿಸಿ, ಮತದಾರರೆಲ್ಲ ಸೇರುವ ಪ್ಯಾರಿಷ್ ಸಭೆಯನ್ನೂ 300 ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಗ್ರಾಮೀಣ ಪ್ಯಾರಿಷ್‌ಗಳಲ್ಲಿ ಚುನಾಯಿತ ಕೌನ್ಸಿಲನ್ನೂ ಸ್ಥಾಪಿಸಿತು. ಪ್ರಧಾನಿ ಗ್ಲಾಡ್‌ಸ್ಟನ್ 1894ರ ಮಾರ್ಚ್ 1ರಂದು ಕಾಮನ್ಸ್ ಸಭೆಯಲ್ಲಿ ಮಾಡಿದ ಕೊನೆಯ ಭಾಷಣ, ಈ ಮಸೂದೆಗೆ ಲಾರ್ಡ್ಸ್ ಸಭೆ ಸೂಚಿಸಿದ್ದ ತಿದ್ದುಪಡಿಗಳನ್ನು ಕುರಿತದ್ದಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲ ಚುನಾವಣೆಗಳು ನಡೆದವು. ಸಂಸತ್ತಿನ ಚುನಾವಣೆಯಲ್ಲಿ ಮಹಿಳೆಯರಿಗೆ ಇನ್ನೂ ಮತದಾನದ ಹಕ್ಕು ಇಲ್ಲದಿದ್ದ ಆ ಕಾಲದಲ್ಲಿ, ವಿವಾಹಿತೆಯರೂ ಸೇರಿದಂತೆ ಅವರಿಗೆ ಈ ಕೌನ್ಸಿಲುಗಳಿಗೆ ಸ್ಪರ್ಧಿಸುವ ಅವಕಾಶ ದೊರೆತದ್ದು ಕಾಯ್ದೆಯ ಮಹತ್ವದ ಅಂಶ.

1972ರ ಸ್ಥಳೀಯ ಸರ್ಕಾರ ಕಾಯ್ದೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದು ಇಂದಿನ ರಚನೆಗೆ ತಳಹದಿಯಾಯಿತು. ಇದರನ್ವಯ ಪ್ಯಾರಿಷ್ ಕೌನ್ಸಿಲೊಂದು ಠರಾವಿನ ಮೂಲಕ ತನ್ನನ್ನು ಟೌನ್ ಕೌನ್ಸಿಲ್ ಎಂದು ಕರೆದುಕೊಳ್ಳಬಹುದು; ಆಗ ಅದರ ಅಧ್ಯಕ್ಷರು ಟೌನ್ ಮೇಯರ್ ಎನಿಸಿಕೊಂಡರೂ ಕೌನ್ಸಿಲಿನ ಮೂಲ ಅಧಿಕಾರ ಬದಲಾಗುವುದಿಲ್ಲ. ವೇಲ್ಸ್‌ನಲ್ಲಿ ಇದೇ ಕಾಯ್ದೆಯಿಂದ ಪ್ಯಾರಿಷ್‌ಗಳ ಸ್ಥಾನದಲ್ಲಿ ಕಮ್ಯುನಿಟಿಗಳು ಬಂದವು. 2007ರ ಶಾಸನವು ಲಂಡನ್ ಮಹಾನಗರದಲ್ಲೂ ಇಂಥ ಸಂಸ್ಥೆಗಳಿಗೆ ದಾರಿ ತೆರೆದುದರಿಂದ, ವೆಸ್ಟ್‌ಮಿನ್‌ಸ್ಟರ್‌ನ ಕ್ವೀನ್ಸ್ ಪಾರ್ಕ್ ಪ್ರದೇಶದಲ್ಲಿ 2014ರಲ್ಲಿ ಒಂದು ಕೌನ್ಸಿಲ್ ಆರಂಭವಾಯಿತು. ಚರ್ಚಿನ ಆಡಳಿತವನ್ನು ನೋಡಿಕೊಳ್ಳುವ ಪರೋಕಿಯಲ್ ಚರ್ಚ್ ಕೌನ್ಸಿಲ್ ಎಂಬುದು ಬೇರೆಯೇ ಸಂಸ್ಥೆ. ಹೆಸರಿನ ಹೋಲಿಕೆಯಿಂದ ಎರಡನ್ನೂ ಒಂದೆಂದು ತಿಳಿಯಬಾರದು.

ರಚನೆ ಮತ್ತು ಕಾರ್ಯವಿಧಾನ

ಪ್ಯಾರಿಷ್ ಕೌನ್ಸಿಲಿನಲ್ಲಿ ಕನಿಷ್ಠ 5 ಸದಸ್ಯರಿರಬೇಕು. ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ. ಸ್ಥಾನಗಳಷ್ಟು ಅಭ್ಯರ್ಥಿಗಳು ದೊರೆಯದಿದ್ದಾಗ ಅಥವಾ ನಡುವೆ ತೆರವಾದ ಸ್ಥಾನಕ್ಕೆ ಮತದಾರರು ಚುನಾವಣೆ ಕೇಳದಿದ್ದಾಗ, ಉಳಿದ ಸದಸ್ಯರೇ ಅರ್ಹರೊಬ್ಬರನ್ನು ಸೇರಿಸಿಕೊಳ್ಳುವ ಸಹನೇಮಕದ ಪದ್ಧತಿಯಿದೆ. ಸದಸ್ಯರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ ದುಡಿಯುತ್ತಾರೆ. ಸಂಬಳ ಪಡೆಯುವ ಮುಖ್ಯ ಸಿಬ್ಬಂದಿಯೆಂದರೆ ಕ್ಲರ್ಕ್. ಹೆಸರು ಗುಮಾಸ್ತೆಯದಾದರೂ ಸಭೆ ಕರೆಯುವುದು, ನಡಾವಳಿ ಬರೆಯುವುದು, ಕಾನೂನಿನ ಸಲಹೆ ನೀಡುವುದು, ಠರಾವುಗಳನ್ನು ಜಾರಿಗೆ ತರುವುದು, ಹೆಚ್ಚಿನ ಕಡೆ ಲೆಕ್ಕಪತ್ರವನ್ನೂ ನೋಡಿಕೊಳ್ಳುವುದು ಈ ಅಧಿಕಾರಿಯ ಕೆಲಸ. ಸಣ್ಣ ಹಳ್ಳಿಗಳಲ್ಲಿ ವಾರಕ್ಕೆ ಕೆಲವೇ ಗಂಟೆ ಕೆಲಸ ಮಾಡುವ ಒಬ್ಬರೇ ಇದೆಲ್ಲವನ್ನೂ ನಿರ್ವಹಿಸುತ್ತಾರೆ.

ಕೌನ್ಸಿಲ್ ವರ್ಷಕ್ಕೆ ಕನಿಷ್ಠ 4 ಬಾರಿ ಸೇರಬೇಕು. ಸಭೆಯ ತಿಳಿವಳಿಕೆ ಪತ್ರವನ್ನು ಮೂರು ಪೂರ್ಣ ದಿನ ಮೊದಲೇ ಊರಿನಲ್ಲಿ ಪ್ರಕಟಿಸಬೇಕು. ಕೋರಂಗೆ ಸದಸ್ಯರ ಮೂರನೆಯ ಒಂದು ಭಾಗ, ಯಾವ ಸಂದರ್ಭದಲ್ಲೂ ಮೂವರಿಗೆ ಕಡಿಮೆಯಿಲ್ಲದಷ್ಟು ಜನ, ಹಾಜರಿರಬೇಕು. ಇದಲ್ಲದೆ ಪ್ರತಿವರ್ಷ ಮಾರ್ಚ್ 1ರಿಂದ ಜೂನ್ 1ರ ನಡುವೆ ವಾರ್ಷಿಕ ಪ್ಯಾರಿಷ್ ಸಭೆ ನಡೆಯುತ್ತದೆ. ಇದು ಕೌನ್ಸಿಲಿನ ಸಭೆಯಲ್ಲ, ಮತದಾರರದೇ ಸಭೆ. ಕರ್ನಾಟಕದ ಓದುಗರಿಗೆ ಪರಿಚಿತವಾದ ಗ್ರಾಮ ಪಂಚಾಯಿತಿ ಮತ್ತು ಗ್ರಾಮಸಭೆಗಳ ನಡುವಿನ ಭೇದವನ್ನು ನೆನೆದರೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಕೌನ್ಸಿಲ್ ಇಲ್ಲದ ಅತಿಸಣ್ಣ ಪ್ಯಾರಿಷ್‌ಗಳಲ್ಲಿ ಈ ಮತದಾರರ ಸಭೆಯೇ ಸೀಮಿತ ಅಧಿಕಾರದಿಂದ ಊರಿನ ವ್ಯವಹಾರ ನೋಡಿಕೊಳ್ಳುತ್ತದೆ.

ಹಣಕಾಸು

ಕಾಮಗಾರಿಗಳ ಮುಖ್ಯ ಆಧಾರ ಪ್ರಿಸೆಪ್ಟ್ ಎಂಬ ಬೇಡಿಕೆ. ಮುಂದಿನ ಆರ್ಥಿಕ ವರ್ಷಕ್ಕೆ ತನಗೆ ಬೇಕಾದ ಮೊತ್ತವನ್ನು ಕೌನ್ಸಿಲ್ ಆಯವ್ಯಯದ ಮೂಲಕ ನಿರ್ಧರಿಸಿ ತೆರಿಗೆ ವಸೂಲು ಮಾಡುವ ಮೇಲಿನ ಕೌನ್ಸಿಲಿಗೆ ತಿಳಿಸುತ್ತದೆ. ಆ ಸಂಸ್ಥೆ ಊರಿನ ಮನೆಗಳ ಕೌನ್ಸಿಲ್ ತೆರಿಗೆಯೊಂದಿಗೆ ಅದನ್ನು ಸಂಗ್ರಹಿಸಿ ಕೊಡುತ್ತದೆ. ಉದಾಹರಣೆಗೆ, ತೆರಿಗೆಯ ಲೆಕ್ಕಕ್ಕೆ ಮಾದರಿಯಾಗಿ ಹಿಡಿಯುವ ‘ಡಿ’ ದರ್ಜೆಯ 500 ಮನೆಗಳಿಗೆ ಸಮನಾದ ತೆರಿಗೆ ಆಧಾರವಿರುವ ಊರಿನಲ್ಲಿ 20,000 ಪೌಂಡ್ ಬೇಡಿಕೆಯಿಟ್ಟರೆ ಅಂಥ ಒಂದು ಮನೆಗೆ ವರ್ಷಕ್ಕೆ 40 ಪೌಂಡ್ ಬೀಳುತ್ತದೆ. ಹೊಸ ಬೆಂಚಿಗೆ ಅಥವಾ ಜಾರುಬಂಡೆಗೆ ತನ್ನ ಮನೆಯಿಂದ ಎಷ್ಟು ಹೋಯಿತೆಂದು ಪ್ರತಿಯೊಬ್ಬನೂ ಲೆಕ್ಕ ಹಾಕಬಲ್ಲ ಈ ಸಾಮೀಪ್ಯವೇ ಕೌನ್ಸಿಲಿನ ಮೇಲಿರುವ ದೊಡ್ಡ ಅಂಕುಶ. ಇದಕ್ಕೆ ಅನುದಾನ, ಲಾಟರಿ ನಿಧಿಯ ನೆರವು, ಬಾಡಿಗೆ ಮತ್ತು ಸರ್ಕಾರಿ ಸಾಲ ಜೊತೆಯಾಗುತ್ತವೆ. ಕೌನ್ಸಿಲ್ ತಾನು ಖರೀದಿಗೆ ತೆತ್ತ ಮೌಲ್ಯವರ್ಧಿತ ತೆರಿಗೆಯನ್ನು ಬಹುಮಟ್ಟಿಗೆ ಹಿಂಪಡೆಯಬಲ್ಲದು. ಲೆಕ್ಕಪತ್ರಗಳನ್ನು ಪ್ರತಿವರ್ಷ 30 ಕೆಲಸದ ದಿನಗಳ ಕಾಲ ಸಾರ್ವಜನಿಕರ ಪರಿಶೀಲನೆಗೆ ತೆರೆದಿಡಬೇಕು.

ಕಾನೂನಿನ ಆಧಾರ

ಪ್ಯಾರಿಷ್ ಕೌನ್ಸಿಲ್ ಪೈಸೆ ಖರ್ಚು ಮಾಡಲೂ ಯಾವುದಾದರೊಂದು ಶಾಸನದ ಅನುಮತಿ ಬೇಕು. ಕೈತೋಟದ ಜಮೀನಿಗೆ 1908ರ ಕಾಯ್ದೆ, ತೆರೆದ ಬಯಲಿಗೆ 1906ರ ಕಾಯ್ದೆ, ಯುದ್ಧಸ್ಮಾರಕದ ನಿರ್ವಹಣೆಗೆ 1923ರ ಕಾಯ್ದೆ, ಬಸ್ ತಂಗುದಾಣಕ್ಕೆ 1953ರ ಕಾಯ್ದೆ, ರಸ್ತೆಬದಿಯ ಬೆಂಚು, ಸಾರ್ವಜನಿಕ ಗಡಿಯಾರ ಮತ್ತು ಬೀದಿದೀಪಗಳಿಗೆ 1957ರ ಕಾಯ್ದೆ, ಹೀಗೆ ಒಂದೊಂದು ಸೌಕರ್ಯಕ್ಕೂ ಒಂದೊಂದು ಆಧಾರವಿದೆ. ಬೇರೆ ಅಧಿಕಾರವಿಲ್ಲದ ಕೆಲಸಗಳಿಗೆ 1972ರ ಕಾಯ್ದೆಯ 137ನೆಯ ಪ್ರಕರಣದಡಿ ಮತದಾರನೊಬ್ಬನಿಗೆ ಇಂತಿಷ್ಟೆಂಬ ಮಿತಿಯಲ್ಲಿ ಖರ್ಚು ಮಾಡಬಹುದು. 2024–25ರಲ್ಲಿ ಈ ಮಿತಿ 10.81 ಪೌಂಡ್ ಇತ್ತು. 2011ರ ಲೋಕಲಿಸಂ ಕಾಯ್ದೆಯು ಸಾಮಾನ್ಯ ಸಾಮರ್ಥ್ಯಾಧಿಕಾರ ಎಂಬ ವಿಶಾಲ ಅಧಿಕಾರವನ್ನು ತಂದಿತು. ಸದಸ್ಯರಲ್ಲಿ ಮೂರನೆಯ ಎರಡು ಭಾಗ ಚುನಾಯಿತರಾಗಿದ್ದು, ಕ್ಲರ್ಕ್ ನಿಗದಿತ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೆ ಮಾತ್ರ ಕೌನ್ಸಿಲ್ ಇದನ್ನು ಬಳಸಬಹುದು. ಆಗ ಕಾನೂನು ನಿಷೇಧಿಸದ, ವ್ಯಕ್ತಿಯೊಬ್ಬ ಮಾಡಬಹುದಾದ ಯಾವುದೇ ಕೆಲಸ ಅದಕ್ಕೆ ಸಾಧ್ಯ.

ಮುಖ್ಯ ಕಾಮಗಾರಿಗಳು

ಕೈತೋಟದ ಜಮೀನು: ಸ್ವಂತ ನೆಲವಿಲ್ಲದವರು ತರಕಾರಿ ಬೆಳೆದುಕೊಳ್ಳಲೆಂದು ಸಣ್ಣ ಬಾಡಿಗೆಗೆ ಕೊಡುವ ತುಂಡುಭೂಮಿಯನ್ನು ಅಲಾಟ್‌ಮೆಂಟ್ ಎನ್ನುತ್ತಾರೆ. ಇದರ ಸಾಂಪ್ರದಾಯಿಕ ಅಳತೆ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ಊರಿನ 6 ಮಂದಿ ಮತದಾರರು ಅಥವಾ ತೆರಿಗೆದಾರರು ಲಿಖಿತವಾಗಿ ಬೇಡಿಕೆ ಸಲ್ಲಿಸಿದರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು; ಬೇಡಿಕೆ ನಿಜವೆಂದು ಕಂಡುಬಂದರೆ ಜಮೀನು ಒದಗಿಸುವುದು ಅದರ ಕರ್ತವ್ಯ. ಕೌನ್ಸಿಲಿನ ಕೆಲಸಗಳಲ್ಲಿ ಬಹುತೇಕವು ‘ಮಾಡಬಹುದು’ ಎಂಬ ಅಧಿಕಾರಗಳಾಗಿರುವಾಗ ‘ಮಾಡಲೇಬೇಕು’ ಎಂಬ ಈ ಕರ್ತವ್ಯ ಎದ್ದು ಕಾಣುತ್ತದೆ. ಕೃಷಿಕಾರ್ಮಿಕರ ಹಸಿವು ನೀಗಿಸಲು ಹುಟ್ಟಿದ ಈ ಏರ್ಪಾಡು ಇಂದು ಆರೋಗ್ಯ ಮತ್ತು ನೆರೆಹೊರೆಯ ಒಡನಾಟದ ನೆಲೆಯಾಗಿದೆ.

ಆಟದ ಬಯಲು ಮತ್ತು ಹಸಿರು: ಐದನೆಯ ಜಾರ್ಜ್ ದೊರೆ 1936ರಲ್ಲಿ ತೀರಿಕೊಂಡ ಬಳಿಕ ಅವನ ನೆನಪಿಗೆ ಬ್ರಿಟನ್ನಿನಾದ್ಯಂತ ಆಟದ ಬಯಲುಗಳನ್ನು ಕಾದಿರಿಸಲಾಯಿತು, ಅಂಥ ಹಲವು ಬಯಲುಗಳನ್ನು ಇಂದಿಗೂ ಪ್ಯಾರಿಷ್ ಕೌನ್ಸಿಲುಗಳು ನೋಡಿಕೊಳ್ಳುತ್ತಿವೆ. ಉಯ್ಯಾಲೆ, ಜಾರುಬಂಡೆಗಳನ್ನು ನಿಲ್ಲಿಸುವುದಕ್ಕಿಂತ ಅವುಗಳ ಸುರಕ್ಷತಾ ತಪಾಸಣೆ, ವಿಮೆ, ನೆಲಹಾಸಿನ ದುರಸ್ತಿ ಮತ್ತು ಹುಲ್ಲು ಕತ್ತರಿಸುವಿಕೆಯೇ ವರ್ಷವರ್ಷದ ದೊಡ್ಡ ಖರ್ಚು. ರಸ್ತೆಯಂಚಿನ ಹುಲ್ಲನ್ನು ಹೂ ಬಿಟ್ಟು ಬೀಜ ಉದುರುವ ತನಕ ಕತ್ತರಿಸದೆ ಬಿಡುವುದು, ಕೊಳ ಹೂಳೆತ್ತುವುದು, ಮರ ನೆಡುವುದು ಇತ್ತೀಚಿನ ಆದ್ಯತೆಗಳು.

ದಾರಿ ಮತ್ತು ಸಂಚಾರ: ರಸ್ತೆಗಳ ಒಡೆತನ ಕೌಂಟಿಯದಾದರೂ ಹೊಲಗಳ ನಡುವಿನ ಕಾಲುದಾರಿಗಳನ್ನು ಪ್ಯಾರಿಷ್ ದುರಸ್ತಿ ಮಾಡಬಹುದು. ಹೆರಿಫರ್ಡ್‌ಶೈರ್, ವೂಸ್ಟರ್‌ಶೈರ್ ಮುಂತಾದ ಕಡೆ ಲೆಂಗ್ತ್ಸ್‌ಮನ್ ಎಂಬ ಕೆಲಸಗಾರನನ್ನು ನೇಮಿಸುವ ಏರ್ಪಾಡಿದೆ. ತನಗೆ ಒಪ್ಪಿಸಿದ ರಸ್ತೆಯ ಚರಂಡಿ ತೆರವು, ಬೇಲಿ ಸವರುವುದು, ಫಲಕಗಳನ್ನು ಶುಚಿಯಾಗಿಡುವುದು ಅವನ ಕೆಲಸ. ವಾಹನದ ವೇಗವನ್ನು ತೋರಿಸುವ ವಿದ್ಯುತ್ ಫಲಕಗಳಿಗೂ ಅನೇಕ ಕೌನ್ಸಿಲುಗಳು ಹಣ ಕೊಡುತ್ತವೆ.

ಸ್ಮಾರಕ ಮತ್ತು ಸ್ಮಶಾನ: ಮೊದಲ ಮಹಾಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿದ ಕಲ್ಲು ಇಂಗ್ಲೆಂಡಿನ ಬಹುತೇಕ ಹಳ್ಳಿಗಳಲ್ಲಿದೆ, ಅಕ್ಷರ ಅಳಿಸದಂತೆ ಅದನ್ನು ಕಾಯುವ ಹೊಣೆಯನ್ನು ಅನೇಕ ಕಡೆ ಕೌನ್ಸಿಲ್ ಹೊತ್ತಿದೆ. ಜಾಗ ತುಂಬಿ ಮುಚ್ಚಲಾದ ಚರ್ಚ್ ಸ್ಮಶಾನದ ನಿರ್ವಹಣೆಯನ್ನು ಚರ್ಚಿನವರು ಕಾನೂನುಬದ್ಧವಾಗಿ ಪ್ಯಾರಿಷ್ ಕೌನ್ಸಿಲಿಗೆ ವರ್ಗಾಯಿಸಬಹುದು.

ಟೆಲಿಫೋನ್ ಪೆಟ್ಟಿಗೆ ಮತ್ತು ಜೀವರಕ್ಷಕ ಯಂತ್ರ: ಮೊಬೈಲ್ ಫೋನ್ ಬಂದು ನಿರುಪಯುಕ್ತವಾದ ಕೆಂಪು ಟೆಲಿಫೋನ್ ಪೆಟ್ಟಿಗೆಗಳನ್ನು ಬ್ರಿಟಿಷ್ ಟೆಲಿಕಾಂ ಸಂಸ್ಥೆ 2008ರಿಂದ ಸ್ಥಳೀಯ ಸಂಸ್ಥೆಗಳಿಗೆ ಒಂದು ಪೌಂಡಿಗೆ ಒಪ್ಪಿಸತೊಡಗಿತು. ಸಾಮರ್‌ಸೆಟ್‌ನ ವೆಸ್ಟ್‌ಬರಿ-ಸಬ್-ಮೆಂಡಿಪ್ ಹಳ್ಳಿಯಲ್ಲಿ 2009ರಲ್ಲಿ ಇಂಥ ಪೆಟ್ಟಿಗೆಯೊಂದು ಪುಸ್ತಕ ವಿನಿಮಯದ ಪುಟ್ಟ ಗ್ರಂಥಾಲಯವಾಯಿತು. ಬೇರೆಡೆಗಳಲ್ಲಿ ಹೃದಯಸ್ತಂಭನವಾದವರಿಗೆ ವಿದ್ಯುತ್ ಆಘಾತ ನೀಡಿ ಬಡಿತವನ್ನು ಮರಳಿಸಲು ನೆರವಾಗುವ ಡಿಫಿಬ್ರಿಲೇಟರ್ ಯಂತ್ರಕ್ಕೆ ಇವು ನೆಲೆಯಾದವು. ಆಂಬುಲೆನ್ಸ್ ಬೇಗ ತಲುಪಲಾಗದ ಹಳ್ಳಿಗೆ ಇದು ಅಮೂಲ್ಯ; ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷವೂ ಬದುಕುವ ಸಾಧ್ಯತೆಯನ್ನು ಶೇಕಡ 10ರವರೆಗೆ ತಗ್ಗಿಸುತ್ತದೆ. ಆದರೆ ಯಂತ್ರವನ್ನು ರಾಷ್ಟ್ರೀಯ ಜಾಲದಲ್ಲಿ ನೋಂದಾಯಿಸಿ, ಬ್ಯಾಟರಿಯನ್ನೂ ಎದೆಗೆ ಅಂಟಿಸುವ ಪಟ್ಟಿಗಳನ್ನೂ ಅವಧಿ ಮೀರುವ ಮೊದಲು ಬದಲಿಸುತ್ತಿದ್ದರಷ್ಟೇ ಅದು ಕೆಲಸಕ್ಕೆ ಬರುತ್ತದೆ.

ನೆರೆಹೊರೆ ಯೋಜನೆ: ಮನೆ ಕಟ್ಟಲು ಅನುಮತಿ ನೀಡುವ ಅಧಿಕಾರ ಪ್ಯಾರಿಷ್‌ಗೆ ಇಲ್ಲ, ಅದು ಅಭಿಪ್ರಾಯವನ್ನಷ್ಟೇ ಸಲ್ಲಿಸಬಹುದು. 2011ರ ಕಾಯ್ದೆಯಿಂದ ಈ ಸ್ಥಿತಿ ಸ್ವಲ್ಪ ಸುಧಾರಿಸಿತು. ಹೊಸ ಮನೆಗಳು ಎಲ್ಲಿ, ಯಾವ ಬಗೆಯಲ್ಲಿ ಬರಬೇಕೆಂಬ ನೀತಿಯನ್ನು ಊರೇ ರೂಪಿಸಿ, ಸ್ವತಂತ್ರ ಪರೀಕ್ಷಕರ ಪರಿಶೀಲನೆಯ ನಂತರ ಜನಮತಗಣನೆಗೆ ಒಡ್ಡಿ ಗೆದ್ದರೆ, ಅನುಮತಿಯ ತೀರ್ಮಾನಗಳಲ್ಲಿ ಅದಕ್ಕೆ ಕಾನೂನಿನ ಬಲ ಬರುತ್ತದೆ. ಇಂಥ ಮೊದಲ ಜನಮತಗಣನೆ 2013ರ ಮಾರ್ಚ್‌ನಲ್ಲಿ ಕಂಬ್ರಿಯಾದ ಅಪ್ಪರ್ ಈಡನ್ ಪ್ರದೇಶದಲ್ಲಿ ನಡೆಯಿತು. ಹೊಸ ಕಟ್ಟಡಗಳ ಮೇಲೆ ಸಮುದಾಯ ಮೂಲಸೌಕರ್ಯ ಶುಲ್ಕ ವಿಧಿಸುವ ಪ್ರದೇಶಗಳಲ್ಲಿ ಪ್ಯಾರಿಷ್‌ಗೆ ಅದರ ಶೇಕಡ 15 ಪಾಲು ಒಂದು ಮಿತಿಗೆ ಒಳಪಟ್ಟು ದೊರೆಯುತ್ತದೆ. ನೆರೆಹೊರೆ ಯೋಜನೆ ಜಾರಿಯಲ್ಲಿದ್ದರೆ ಪಾಲು ಶೇಕಡ 25ಕ್ಕೆ ಏರುತ್ತದೆ. ಊರಿನ ಕೊನೆಯ ಅಂಗಡಿಯೋ ಪಬ್ಬೋ ಮಾರಾಟಕ್ಕೆ ಬಂದಾಗ, ಅದು ಸಮುದಾಯ ಮೌಲ್ಯದ ಆಸ್ತಿಯೆಂದು ಪಟ್ಟಿಯಾಗಿದ್ದರೆ, ಊರವರು ಹಣ ಕೂಡಿಸಲು ಆರು ತಿಂಗಳ ಕಾಲಾವಕಾಶ ಕೇಳಬಹುದು. ಆದರೆ ಅವರಿಗೇ ಮಾರಬೇಕೆಂಬ ಕಟ್ಟುಪಾಡು ಮಾಲೀಕನಿಗೆ ಇಲ್ಲ.

ಮಿತಿಗಳು ಮತ್ತು ಮಹತ್ವ

ಪ್ಯಾರಿಷ್ ಕೌನ್ಸಿಲುಗಳ ನಡುವೆ ಅಸಮಾನತೆ ದೊಡ್ಡದು. ನೂರಾರು ಮತದಾರರ ಹಳ್ಳಿಗೂ ದೊಡ್ಡ ಪಟ್ಟಣವಾದ ನಾರ್ಥಾಂಪ್ಟನ್‌ನಲ್ಲಿ 2020ರಲ್ಲಿ ರಚನೆಯಾದ ಟೌನ್ ಕೌನ್ಸಿಲಿಗೂ ಮೂಲ ಕಾನೂನು ಒಂದೇ. ಅನೇಕ ಕಡೆ ಸ್ಪರ್ಧೆಯಿಲ್ಲದೆ ಸದಸ್ಯರು ಆಯ್ಕೆಯಾಗುತ್ತಾರೆ. ಸಂಬಳವಿಲ್ಲದ ಕೆಲಸಕ್ಕೆ ಬಿಡುವಿರುವವರು ಹೆಚ್ಚಾಗಿ ನಿವೃತ್ತರೇ ಆದ್ದರಿಂದ ಯುವಜನರ ದನಿ ಕ್ಷೀಣವಾಗುವುದುಂಟು. ಮೇಲಿನ ಕೌನ್ಸಿಲುಗಳು ಹಣದ ಮುಗ್ಗಟ್ಟಿನಿಂದ ಶೌಚಾಲಯ, ಉದ್ಯಾನ, ಸಭಾಂಗಣಗಳನ್ನು ಕೆಳಗೆ ವರ್ಗಾಯಿಸಿದಾಗ ಆಸ್ತಿಯ ಜೊತೆಗೆ ಅದರ ದುರಸ್ತಿಯ ಭಾರವೂ ಹಳ್ಳಿಯ ತೆರಿಗೆದಾರನ ಮೇಲೆ ಬೀಳುತ್ತದೆ. ಜಿಲ್ಲೆ ಮತ್ತು ಕೌಂಟಿಗಳ ಎರಡು ಹಂತಗಳನ್ನು ಏಕೀಕೃತ ಕೌನ್ಸಿಲುಗಳಾಗಿ ಮಾರ್ಪಡಿಸುವ ನೀತಿಯನ್ನು 2024ರ ಡಿಸೆಂಬರಿನ ಶ್ವೇತಪತ್ರ ಪ್ರಕಟಿಸಿದ ಮೇಲೆ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ. ಮೇಲಿನ ಆಡಳಿತ ದೂರ ಸರಿದಂತೆ ಊರಿಗೆ ಕೈಗೆಟಕುವ ಸಂಸ್ಥೆಯಾಗಿ ಉಳಿಯುವುದು ಪ್ಯಾರಿಷ್ ಒಂದೇ.

ಕೈತೋಟದ ತುಂಡುಭೂಮಿಯಿಂದ ಹೃದಯಕ್ಕೆ ಬಡಿತ ಮರಳಿಸುವ ಯಂತ್ರದವರೆಗೆ, ಪ್ರತಿಯೊಂದು ತಲೆಮಾರೂ ತನ್ನ ಕಣ್ಣಿಗೆ ಬಿದ್ದ ಕೊರತೆಯನ್ನು ಈ ಸಂಸ್ಥೆಯ ಮೂಲಕ ತುಂಬಿಕೊಂಡಿದೆ. ಇವುಗಳಲ್ಲಿ ಯಾವುದೂ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಪ್ಯಾರಿಷ್ ಕೌನ್ಸಿಲೊಂದರ ಯೋಗ್ಯತೆಯನ್ನು ಉದ್ಘಾಟನೆಯ ಫಲಕಗಳಿಂದ ಅಳೆಯಲಾಗದು; ಉಯ್ಯಾಲೆಯ ಸರಪಳಿಗೆ, ಸ್ಮಾರಕದ ಅಕ್ಷರಕ್ಕೆ, ಯಂತ್ರದ ಬ್ಯಾಟರಿಗೆ ಮುಂದಿನ ವರ್ಷದ ಆಯವ್ಯಯದಲ್ಲೂ ಅದು ಹಣ ತೆಗೆದಿರಿಸಿದೆಯೇ ಎಂಬುದೇ ಅದರ ನಿಜವಾದ ಒರೆಗಲ್ಲು.